ನೋಡದೆ ಬರೆದದ್ದು

ಗಾಜಕ್ಕನಿಗೆ ಆ ಕಾಲೇಜಿನ ಮೇಲೆ ಅನುಮಾನ ಹುಟ್ಟಿದ್ದು ಸೇರಿದ ಮೊದಲ ದಿನವೇ. ಪ್ರಯೋಗಶಾಲೆಗೆ ಬೀಗ ಬಿದ್ದಿತ್ತು. ಅವಳು ಕಿಟಕಿಗೆ ಹಣೆ ಒತ್ತಿ, ಎರಡೂ ಕೈಗಳನ್ನು ಕಣ್ಣಿನ ಪಕ್ಕ ಮರೆ ಹಿಡಿದು ಒಳಗೆ ನೋಡಿದಳು. ಕಪಾಟಿನಲ್ಲಿ ಸಾಲಾಗಿ ಟೆಸ್ಟ್ ಟ್ಯೂಬುಗಳು, ಬೀಕರುಗಳು, ಉದ್ದ ಕತ್ತಿನ ಫ್ಲಾಸ್ಕುಗಳು. ಪ್ರತಿಯೊಂದಕ್ಕೂ ಕಂಪನಿಯ ಚೀಟಿ ಅಂಟಿಕೊಂಡೇ ಇತ್ತು. ಒಂದೇ ಒಂದು ಸಲ ನೀರಿಗೆ ಬಿದ್ದಿದ್ದರೂ ಆ ಚೀಟಿಯ ಅಂಚು ಏಳಬೇಕಿತ್ತು. ಎದ್ದಿರಲಿಲ್ಲ.

ಗಾಜಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೊಂದು ವರ್ಷದಿಂದ ಅವಳು ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಗಾಜು ತೊಳೆಯುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಒಂದಕ್ಕೆ ಬಿಡುಗಡೆ. ಯಾರ್ಯಾರದೋ ರಕ್ತ, ಮೂತ್ರ, ಕಫ ಇದ್ದ ಗಾಜನ್ನು ಔಷಧಿ ನೀರಿನಲ್ಲಿ ನೆನೆಸುವುದು, ಬ್ರಷ್ ತೂರಿಸಿ ತಿರುವುವುದು, ಮೂರು ನೀರಿನಲ್ಲಿ ಜಾಲಿಸುವುದು, ಬೋರಲು ಹಾಕುವುದು. ತಿಂಗಳಿಗೊಂದು ಜೊತೆ ಕೈಗವಸು ಕೊಡುತ್ತಿದ್ದರು. ಅದು ವಾರಕ್ಕೇ ಹರಿಯುತ್ತಿತ್ತು. ಉಳಿದ ಮೂರು ವಾರ ಬರಿಗೈ. ಚರ್ಮ ಸುಲಿದು, ಒಣಗಿ, ಮತ್ತೆ ಸುಲಿಯುತ್ತಿತ್ತು. ರಾತ್ರಿ ಕಲಸಿದ ಅನ್ನ ಬಾಯಿಗಿಡುವಾಗ ಉಪ್ಪು ಬೆರಳಿನ ಬಿರುಕಿಗೆ ಇಳಿದು ಉರಿಯುತ್ತಿತ್ತು. ಲ್ಯಾಬಿನವರು ಅವಳನ್ನು ಗಾಜಕ್ಕ ಎಂದು ಕರೆದರು. ಬೀದಿಯವರೂ ಹಾಗೇ ಕರೆದರು. ಕೊನೆಗೆ ಗಂಡನೂ ಅದನ್ನೇ ಹಿಡಿದುಕೊಂಡ.

ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ಪುಸ್ತಕ ಹಿಡಿದದ್ದಕ್ಕೆ ಕಾರಣ ಅತ್ತೆಯ ಕಾಲು.

ಅತ್ತೆಯ ಎಡಗಾಲಿನ ಬೆರಳಿಗೆ ಒಂದು ಗಾಯವಾಗಿ ಮಾಯದೆ ಉಳಿದಿತ್ತು. ಗಾಜಕ್ಕ ಅವರನ್ನು ಕರೆದುಕೊಂಡು ಹೋಗಿ ತನ್ನ ಲ್ಯಾಬಿನಲ್ಲೇ ರಕ್ತ ಕೊಡಿಸಿದಳು. ಸಂಜೆಗೆ ವರದಿ ಬಂತು. ಸಕ್ಕರೆ ಸರಿಯಾಗಿದೆ ಎಂದಿತ್ತು. ಡಾಕ್ಟರು ವರದಿ ನೋಡಿ ಮುಲಾಮು ಬರೆದುಕೊಟ್ಟರು. ಒಂದೂವರೆ ತಿಂಗಳಾದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಆ ಬೆರಳನ್ನೂ ಪಕ್ಕದ ಬೆರಳನ್ನೂ ತೆಗೆಯಬೇಕಾಯಿತು. ಅಲ್ಲಿ ಪರೀಕ್ಷೆ ಮಾಡಿದಾಗ ಸಕ್ಕರೆ ಎಲ್ಲಿಗೋ ಏರಿ ಕೂತಿತ್ತು. ಇಷ್ಟು ದಿನ ಏನು ಮಾಡ್ತಿದ್ರಿ ಎಂದು ಅಲ್ಲಿನ ನರ್ಸ್ ಗಾಜಕ್ಕನನ್ನು ಗದರಿಸಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಾಜಕ್ಕ ಅತ್ತೆ ರಕ್ತ ಕೊಟ್ಟ ದಿನವನ್ನು ನೆನಪಿಸಿಕೊಂಡಳು. ಆ ದಿನ ಕೆಲಸ ಬೇಗ ಮುಗಿದಿತ್ತು. ಖುಷಿಯಿಂದ ಹನ್ನೆರಡಕ್ಕೇ ಮನೆಗೆ ಹೋಗಿದ್ದಳು. ಯಾಕೆ ಬೇಗ ಮುಗಿಯಿತು? ತೊಳೆಯಲು ಬಂದದ್ದು ಹದಿನಾಲ್ಕೇ ಟ್ಯೂಬು. ಬೆಳಿಗ್ಗೆ ರಕ್ತ ಕೊಟ್ಟು ಹೋದವರು ಇಪ್ಪತ್ತೆರಡು ಮಂದಿ. ಅಷ್ಟೂ ಜನಕ್ಕೆ ವರದಿ ಹೋಗಿತ್ತು. ಹಾಗಾದರೆ ಎಂಟು ಜನರ ರಕ್ತ ಪರೀಕ್ಷೆಯ ಟ್ಯೂಬಿಗೇ ಇಳಿದಿರಲಿಲ್ಲ. ಮೇಜಿನ ಮುಂದೆ ಕೂತು ಪರೀಕ್ಷೆ ಮಾಡಬೇಕಾದವನು ಅಂದಾಜಿನ ಮೇಲೆ ಅಂಕಿ ಬರೆದಿದ್ದ. ಆ ಎಂಟರಲ್ಲಿ ತನ್ನ ಅತ್ತೆಯೂ ಒಬ್ಬರು.

ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಡನಿಗೆ ಮಾತ್ರ ಹೇಳಿದಳು. ತೊಳೆಯುವವಳ ಮಾತು ಯಾರು ಕೇಳ್ತಾರೆ ಎಂದ ಅವನು. ಅವನು ಟೈಲ್ಸ್ ಕೂರಿಸುವ ಕೆಲಸದವನು. ಅವನಿಗೆ ಗೊತ್ತಿದ್ದದ್ದೇ ಹೇಳಿದ.

ಹಾಗಾದರೆ ತೊಳೆಯುವ ತೊಟ್ಟಿ ಬಿಟ್ಟು ಮೇಜಿನ ಮುಂದೆ ಹೋಗಿ ಕೂರಬೇಕು ಎಂದು ಅವಳು ತೀರ್ಮಾನಿಸಿದಳು. ಲ್ಯಾಬಿನ ಯಜಮಾನನನ್ನು ಕೇಳಿದಳು. ಅವನು ನಕ್ಕು, ಸರ್ಟಿಫಿಕೇಟು ತಂದರೆ ನಾಳೆಯೇ ಕೂರಿಸುತ್ತೇನೆ ಎಂದ. ಎಲ್ಲಿ ಸಿಗುತ್ತದೆ ಎಂಬುದನ್ನೂ ಅವನೇ ಹೇಳಿದ. ಮೇಜಿನ ಖಾನೆಯಿಂದ ಒಂದು ಬಣ್ಣದ ಪುಸ್ತಿಕೆ ತೆಗೆದು ಕೊಟ್ಟ. ಸಮುದಾಯ ಕಾಲೇಜು, ಎಲ್ಲರಿಗೂ ವಿಜ್ಞಾನ ಎಂದು ಮೇಲೆ ಅಚ್ಚಾಗಿತ್ತು. ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಚಿತ್ರ. ಕೊನೆಯ ಪುಟದಲ್ಲಿ ಸಲಹಾ ಸಮಿತಿಯವರ ಫೋಟೋಗಳು. ಅದರಲ್ಲಿ ಯಜಮಾನನದೂ ಇತ್ತು. ನಮ್ಮವರೇ ಇದ್ದಾರಲ್ಲ ಎಂದು ಆಗ ಅವಳಿಗೆ ಧೈರ್ಯವೇ ಬಂದಿತ್ತು.

ಕಾಲೇಜು ಎಂದರೆ ಎರಡು ಕಾಲೇಜು. ಮುಂದೆ ಮೂರು ಮಹಡಿಯ ಕಟ್ಟಡ, ಹಗಲು ಕಾಲೇಜಿನವರದು. ಹಿಂದೆ ತಗಡಿನ ಶೆಡ್ಡು, ಇವರದು. ಅದು ಮೊದಲು ವಾಹನ ನಿಲ್ಲಿಸುವ ಜಾಗವಾಗಿತ್ತು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಗೆರೆಗಳೂ ಅಂಕಿಗಳೂ ಇನ್ನೂ ಅಳಿಸಿರಲಿಲ್ಲ. ಒಂದೊಂದು ಅಂಕಿಯ ಮೇಲೆ ಒಂದೊಂದು ಕುರ್ಚಿ. ಹಾಜರಿ ಪುಸ್ತಕದಲ್ಲೂ ಅದೇ ಅಂಕಿ. ಗಾಜಕ್ಕನದು ಇಪ್ಪತ್ತೇಳು. ಪಕ್ಕದಲ್ಲಿ ಕೂರುತ್ತಿದ್ದ ಹೊಲಿಗೆಯಮ್ಮ, ಬಾಯಿ ಜೋರಿನ ಹೆಂಗಸು, ನಮ್ಮನ್ನ ಪಾರ್ಕ್ ಮಾಡಿದ್ದಾರೆ ಬಿಡು ಎನ್ನುತ್ತಿದ್ದಳು. ಒಟ್ಟು ಮೂವತ್ತನಾಲ್ಕು ಜನ. ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ಆಸ್ಪತ್ರೆಯ ವಾರ್ಡು ಗುಡಿಸುವವರು, ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸುವವರು. ಎಲ್ಲರೂ ಅರ್ಧ ದಿನ ದುಡಿದು ಬಂದವರೇ. ಮಧ್ಯಾಹ್ನ ಎರಡು ಗಂಟೆಗೆ ತಗಡು ಕಾದು ಕೆಂಡವಾಗಿರುತ್ತಿತ್ತು. ನಿದ್ದೆ ತಡೆಯಲು ಹೊಲಿಗೆಯಮ್ಮ ಸೆರಗಿನ ತುದಿಯಲ್ಲಿ ಒಂದು ಸೂಜಿ ಸಿಕ್ಕಿಸಿಕೊಂಡು ಬರುತ್ತಿದ್ದಳು.

ಕುಡಿಯುವ ನೀರಿನ ಯಂತ್ರ ಮುಂದಿನ ಕಟ್ಟಡದಲ್ಲಿತ್ತು. ಹಗಲು ಕಾಲೇಜಿನವರಿಗೆ ಮಾತ್ರ ಎಂಬ ಹಲಗೆ ಅದರ ಮೇಲಿತ್ತು. ಹೆಂಗಸರ ಶೌಚಾಲಯಕ್ಕೂ ಅದೇ ಹಲಗೆ. ಶೆಡ್ಡಿನ ಹೆಂಗಸರು ಬೇಕಾದರೆ ರಸ್ತೆ ದಾಟಿ ಪೆಟ್ರೋಲ್ ಬಂಕಿಗೆ ಹೋಗಬೇಕಿತ್ತು. ಬಂಕಿನವನು ಪ್ರತಿ ಸಲ ಅನುಮಾನದಿಂದ ನೋಡಿ, ಆಮೇಲೆ ಗದ್ದ ಎತ್ತಿ ದಾರಿ ತೋರಿಸುತ್ತಿದ್ದ. ಗಾಜಕ್ಕ ಬೆಳಿಗ್ಗೆಯಿಂದಲೇ ನೀರು ಕುಡಿಯುವುದು ಕಡಿಮೆ ಮಾಡಿದಳು. ಮೂರನೆಯ ತಿಂಗಳಿಗೆ ಉರಿಮೂತ್ರ ಬಂತು. ಆ ವಾರವೇ ಮೂತ್ರಪಿಂಡದ ಪಾಠ ನಡೆಯುತ್ತಿತ್ತು. ನೀರು ಚೆನ್ನಾಗಿ ಕುಡಿಯಬೇಕು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದರು.

ಸಂಜೆ ಗೇಟಿನಲ್ಲಿ ಶೆಡ್ಡಿನವರ ಚೀಲ ಮಾತ್ರ ತೆಗೆಸಿ ನೋಡುತ್ತಿದ್ದರು. ಹಗಲು ಕಾಲೇಜಿನ ಮಕ್ಕಳು ಪಕ್ಕದಲ್ಲೇ ನಗುತ್ತಾ ಹೋಗುತ್ತಿದ್ದರು. ಕಾವಲುಗಾರ ಗಾಜಕ್ಕನ ಊಟದ ಡಬ್ಬಿಯ ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡುತ್ತಿದ್ದ. ಏನು ಕದ್ದೇವು ಎಂದು ಅವರಿಗೆ ಭಯವೋ ಅವಳಿಗೆ ತಿಳಿಯಲಿಲ್ಲ. ಪ್ರಯೋಗಶಾಲೆಗಂತೂ ಬೀಗ. ಬೋರ್ಡು ಹೊತ್ತುಕೊಂಡು ಹೋಗ್ತೀವಿ ಅಂದ್ಕೊಂಡಿರಬೇಕು ಎಂದಳು ಹೊಲಿಗೆಯಮ್ಮ.

ಬೀಗದ ಕೈ ಇದ್ದದ್ದು ಅಟೆಂಡರನ ಸೊಂಟದಲ್ಲಿ. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಪ್ರಯೋಗಶಾಲೆ ಯಾವಾಗ ತೆಗೆಯುತ್ತೀಯ ಎಂದು ಗಾಜಕ್ಕ ವಾರಕ್ಕೊಮ್ಮೆ ಕೇಳುತ್ತಿದ್ದಳು. ಒಂದು ವಾರ ರಾಸಾಯನಿಕ ಬಂದಿಲ್ಲ. ಇನ್ನೊಂದು ವಾರ ವಿದ್ಯುತ್ತಿನವನು ಬರಬೇಕು. ಮತ್ತೊಂದು ವಾರ ಹಗಲು ಕಾಲೇಜಿನವರಿಗೆ ಪರೀಕ್ಷೆ. ಅವಳು ಈ ಕಾರಣಗಳನ್ನೆಲ್ಲ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಖು ಹಾಕಿ ಬರೆಯತೊಡಗಿದಳು. ಏಳನೆಯ ತಿಂಗಳಲ್ಲಿ ನೋಡಿದಾಗ ವಿದ್ಯುತ್ತಿನವನು ಐದು ಸಲ ಬರಬೇಕಾಗಿತ್ತು, ಒಂದು ಸಲವೂ ಬಂದಿರಲಿಲ್ಲ.

ವಿಜ್ಞಾನದ ಮೇಷ್ಟ್ರು ಕೆಟ್ಟವರಲ್ಲ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ. ಕಾಯಂ ಆಗಿರಲಿಲ್ಲ, ವರ್ಷ ವರ್ಷ ಹೊಸದಾಗಿ ಕರೆಸಿಕೊಳ್ಳುತ್ತಿದ್ದರು. ದುಂಡು ಅಕ್ಷರ. ಬೋರ್ಡಿನ ಮೇಲೆ ಅವರು ಸೂಕ್ಷ್ಮದರ್ಶಕ ಬರೆದರೆ ಕೈ ಹಾಕಿ ತೆಗೆದುಕೊಳ್ಳಬೇಕು ಅನ್ನಿಸುತ್ತಿತ್ತು. ಹೃದಯ ಬರೆದು, ಕೆಂಪು ಸೀಮೆಸುಣ್ಣದಲ್ಲಿ ರಕ್ತ ಹೋಗುವ ದಾರಿ ತೋರಿಸಿದ ದಿನ ಶೆಡ್ಡಿನಲ್ಲಿ ಒಬ್ಬರೂ ತೂಕಡಿಸಲಿಲ್ಲ. ಆದರೆ ಬೀಗದ ಮಾತು ಎತ್ತಿದರೆ ಅವರು ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಬೇರೆ ಕಡೆ ನೋಡುತ್ತಿದ್ದರು. ಗಾಜಕ್ಕನಿಗೆ ಅವರ ಮೇಲೂ ಅನುಮಾನ ಬಂತು. ಇಷ್ಟು ಚೆನ್ನಾಗಿ ಬರೆಯಬಲ್ಲವನು ತೋರಿಸಲು ಯಾಕೆ ಹೆದರಬೇಕು?

ಎಂಟನೆಯ ತಿಂಗಳಲ್ಲಿ ತಪಾಸಣೆಯ ಸುದ್ದಿ ಬಂತು. ಸಮುದಾಯ ಕಾಲೇಜನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೇಲಿನಿಂದ ಮೂವರು ಬರುವವರಿದ್ದರು. ಮಾರನೆಯ ದಿನವೇ ಪ್ರಿನ್ಸಿಪಾಲ್ ಮೇಡಂ ಶೆಡ್ಡಿಗೆ ಬಂದರು. ಎಂಟು ತಿಂಗಳಲ್ಲಿ ಅದು ಮೊದಲ ಸಲ. ಮೆತ್ತಗಿನ ದನಿ, ಎಲ್ಲರಿಗೂ ನಗು. ಗಾಜಕ್ಕನ ಹತ್ತಿರ ಬಂದು ಅಕ್ಕ ಎಂದರು. ಅಕ್ಕ ಎಂದಾಗಲೇ ಅವಳಿಗೆ ಗೊತ್ತಾಯಿತು, ಏನೋ ಕೆಲಸವಿದೆ. ಶನಿವಾರ ಬೆಳಿಗ್ಗೆ ಬಂದು ಪ್ರಯೋಗಶಾಲೆಯ ಗಾಜುಗಳನ್ನು ತೊಳೆದುಕೊಡಬೇಕಂತೆ. ನಿಮ್ಮಷ್ಟು ಚೆನ್ನಾಗಿ ತೊಳೆಯೋರು ಇಲ್ಲವಂತೆ ಎಂದು ಮೇಡಂ ಹೊಗಳಿದರು. ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಯಜಮಾನನೇ ಹೇಳಿರಬೇಕು, ಶನಿವಾರ ಲ್ಯಾಬಿಗೆ ಬರಬೇಡ ಎಂದದ್ದೂ ಅವನೇ.

ಹೀಗೆ ಗಾಜಕ್ಕ ಪ್ರಯೋಗಶಾಲೆಯೊಳಗೆ ಮೊದಲ ಸಲ ಕಾಲಿಟ್ಟದ್ದು ತೊಳೆಯುವುದಕ್ಕೆ.

ಒಳಗೆ ಹೊಸ ಬಣ್ಣದ ವಾಸನೆ. ಉದ್ದನೆಯ ಮೇಜುಗಳು. ಮೇಜಿನ ತುದಿಗೊಂದು ಬಿಳಿ ಸಿಂಕು, ಬಾಗಿದ ಕತ್ತಿನ ನಲ್ಲಿ. ಅವಳು ಟ್ಯೂಬುಗಳನ್ನು ಸಿಂಕಿನೊಳಗೆ ಜೋಡಿಸಿ ನಲ್ಲಿ ತಿರುಗಿಸಿದಳು. ಗಾಳಿಯೂ ಬರಲಿಲ್ಲ. ಬೀಗದಣ್ಣ ಅಂಗಳದ ನಲ್ಲಿಯಿಂದ ಬಕೆಟ್ಟಿನಲ್ಲಿ ತರಲು ಹೇಳಿದ. ನಲವತ್ತು ಹೆಜ್ಜೆ ಹೋಗಬೇಕು, ನಲವತ್ತು ಹೆಜ್ಜೆ ತುಂಬಿದ ಬಕೆಟ್ಟು ಹೊತ್ತು ಬರಬೇಕು. ಮೊದಲ ಬಕೆಟ್ಟು ತಂದು ಸಿಂಕಿಗೆ ಸುರಿದಳು. ನೀರು ಸೀದಾ ಕೆಳಗಿಳಿದು ಅವಳ ಪಾದದ ಮೇಲೆ ಬಿತ್ತು. ಸೀರೆ ಮಂಡಿಯವರೆಗೆ ನೆನೆಯಿತು. ಬಗ್ಗಿ ನೋಡಿದರೆ ಸಿಂಕಿನ ಕೆಳಗೆ ಪೈಪೇ ಇರಲಿಲ್ಲ. ಬೀಗದಣ್ಣ ನಗು ತಡೆಯಲಾರದೆ, "ಅದು ನೋಡೋಕೆ ಅಷ್ಟೇ ಅಕ್ಕ," ಎಂದ.

ಅವಳು ಹೊರಗೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ನೂರಾಎಂಬತ್ತು ಟ್ಯೂಬು ತೊಳೆದಳು. ಚೀಟಿಗಳನ್ನು ಉಗುರಿನಿಂದ ಕೆರೆದು ಕಿತ್ತಳು. ಗೋಂದು ಬಿಡಲಿಲ್ಲ, ಉಗುರು ಸೀಳಿತು. ನಡು ಹಿಡಿದುಕೊಂಡಿತು. ಹಗಲು ಕಾಲೇಜಿನ ಇಬ್ಬರು ಹುಡುಗರು ಮಹಡಿಯಿಂದ ನೋಡುತ್ತಾ ನಿಂತಿದ್ದರು. ಅವಳನ್ನು ವಿದ್ಯಾರ್ಥಿನಿ ಎಂದು ಅವರು ಕನಸಿನಲ್ಲೂ ಅಂದುಕೊಂಡಿರಲಾರರು.

ಒಣಗಿದ ಟ್ಯೂಬುಗಳನ್ನು ಒಳಗಿಡಲು ಹೋದಾಗ ಮೂಲೆಯ ಮೇಜಿನ ಮೇಲೆ ಪುಸ್ತಕಗಳ ರಾಶಿ ಕಂಡಿತು. ಕಂದು ಹೊದಿಕೆ, ಮೂವತ್ತನಾಲ್ಕು ಪುಸ್ತಕ. ಪ್ರಯೋಗ ದಾಖಲೆ ಎಂದು ಮೇಲೆ ಬರೆದಿತ್ತು. ಬೀಗದಣ್ಣ ಬೀಡಿ ಸೇದಲು ಹೊರಗೆ ಹೋಗಿದ್ದ. ಅವಳು ಇಪ್ಪತ್ತೇಳನ್ನು ಹುಡುಕಿ ತೆಗೆದಳು. ಮೊದಲ ಪುಟದಲ್ಲಿ ಅವಳದೇ ಫೋಟೋ ಅಂಟಿಸಿತ್ತು. ಒಳಗೆ ಇಪ್ಪತ್ತನಾಲ್ಕು ಪ್ರಯೋಗಗಳು, ಚಿತ್ರಸಮೇತ. ಹನ್ನೊಂದನೆಯದನ್ನು ಓದಿದಳು. ನನ್ನ ಬೆರಳಿನಿಂದ ಒಂದು ಹನಿ ರಕ್ತವನ್ನು ಗಾಜಿನ ಫಲಕದ ಮೇಲೆ ಲೇಪಿಸಿದೆನು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ವೀಕ್ಷಿಸಿದೆನು. ಕೆಂಪು ರಕ್ತಕಣಗಳು ಸ್ಪಷ್ಟವಾಗಿ ಕಂಡವು. ಕೆಳಗೆ ಸಹಿಯ ಜಾಗ ಖಾಲಿ.

ದುಂಡು ಅಕ್ಷರ. ಮೇಷ್ಟ್ರದೇ.

ಅವಳು ಪುಸ್ತಕವನ್ನು ಅದರ ಜಾಗದಲ್ಲೇ ಇಟ್ಟಳು. ಕೋಪ ಆಮೇಲೆ ಬಂತು. ಅಂದಾಜಿನ ಮೇಲೆ ಅಂಕಿ ಬರೆಯುವವನು ಹುಟ್ಟುವುದು ಎಲ್ಲಿ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಇಲ್ಲಿ ಹುಟ್ಟುತ್ತಾನೆ. ನೋಡದೆ ನೋಡಿದೆ ಎಂದು ಬರೆಯುವುದನ್ನು ಇಲ್ಲಿ ಕಲಿಸಿ, ಕಾಗದ ಕೊಟ್ಟು, ಅವಳ ಯಜಮಾನನಂಥವರ ಮೇಜಿಗೆ ಕಳಿಸುತ್ತಾರೆ. ಆ ದಿನ ಗೇಟಿನಲ್ಲಿ ಅವಳ ಚೀಲವನ್ನು ಎರಡು ಸಲ ನೋಡಿದರು. ಎರಡನೆಯ ಸಲ ಕಾವಲುಗಾರ ಸೆರಗು ಒದರಲು ಹೇಳಿದ. ಒದರಿದಳು.

ಮನೆಯಲ್ಲಿ ಗಂಡನಿಗೆ ಸಿಂಕಿನ ವಿಷಯ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತದೆ, ಆ ಕೋಣೆಗೆ ಟೈಲ್ಸ್ ಹಾಕಿದ್ದು ತನ್ನ ಮೇಸ್ತ್ರಿಯ ಗುಂಪೇ ಎಂದ. ಪೈಪಿನ ಜಾಗ ಬಿಡಬೇಕಾ ಎಂದು ಕೇಳಿದ್ದಕ್ಕೆ ಕಾಲೇಜಿನವರು, ಬೇಡ, ಮುಚ್ಚಿಬಿಡಿ, ಫೋಟೋಕ್ಕೆ ಚೆನ್ನಾಗಿ ಕಂಡರೆ ಸಾಕು ಎಂದಿದ್ದರಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಸಿಟ್ಟಾದಳು. ನೀನು ಅಷ್ಟು ಆಸೆಯಿಂದ ಹೋಗ್ತಿದ್ದೆ ಎಂದ ಅವನು. ಅತ್ತೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಅವರು ಕೇಳಿದ್ದು ಒಂದೇ ಮಾತು.

"ಸಹಿ ಹಾಕು ಅಂದ್ರೆ ಹಾಕ್ತೀಯಾ?"

ಅವಳು ಗಂಡನ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಸೋಮವಾರ ಒಬ್ಬೊಬ್ಬರನ್ನೇ ಪ್ರಿನ್ಸಿಪಾಲರ ಕೋಣೆಗೆ ಕರೆದರು. ಹೋದವರು ಎರಡು ನಿಮಿಷಕ್ಕೆ ಹೊರಗೆ ಬರುತ್ತಿದ್ದರು, ಯಾರ ಮುಖವನ್ನೂ ನೋಡದೆ ಕುರ್ಚಿಯಲ್ಲಿ ಕೂರುತ್ತಿದ್ದರು. ಗಾಜಕ್ಕನ ಸರದಿ ಬಂತು. ಒಳಗೆ ತಣ್ಣಗಿತ್ತು. ಮೂಲೆಯಲ್ಲಿ ಮೇಷ್ಟ್ರು ನಿಂತಿದ್ದರು. ಮೇಡಂ ಪುಸ್ತಕ ಬಿಡಿಸಿ, ಪೆನ್ನಿನ ಟೋಪಿ ತಾವೇ ತೆಗೆದು ಅವಳ ಕೈಗೆ ಕೊಟ್ಟರು.

"ಇಪ್ಪತ್ತನಾಲ್ಕು ಸಹಿ ಅಕ್ಕ. ಬೇಗ ಹಾಕಿಬಿಡಿ."

"ಇದ್ರಲ್ಲಿ ನಾನು ನೋಡ್ದೆ ಅಂತ ಬರ್ದಿದೆ ಮೇಡಂ. ನಾನು ನೋಡಿಲ್ಲ."

"ಮುಂದೆ ನೋಡ್ತೀರಲ್ಲ."

"ನೋಡಿದ ಮೇಲೆ ಹಾಕ್ತೀನಿ."

ಮೇಡಂ ನಗುತ್ತಲೇ ಇದ್ದರು. ಕಾಲೇಜು ಮುಚ್ಚಿಹೋದರೆ ಮೂವತ್ತಮೂರು ಜನರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂದರು. ಅದಕ್ಕೂ ಅವಳು ಪೆನ್ನು ಆಡಿಸದಿದ್ದಾಗ ದನಿ ತಗ್ಗಿಸಿದರು.

"ನಿಮ್ಮ ಲ್ಯಾಬಿನ ಯಜಮಾನ್ರು ನಮ್ಮ ಸಮಿತೀಲಿದ್ದಾರೆ. ಅವರಿಗೆ ಬೇಕಿರೋದು ಕಾಗದ. ನಿಮಗೆ ನೋಡೋಕೆ ಬರುತ್ತೋ ಇಲ್ವೋ ಅಂತ ಅವರು ಯಾವತ್ತೂ ಕೇಳಲ್ಲ."

"ಗೊತ್ತು ಮೇಡಂ," ಎಂದಳು ಗಾಜಕ್ಕ. "ಕೇಳಿದ್ರೆ ನಮ್ಮತ್ತೆ ಬೆರಳು ಉಳೀತಿದ್ವು."

ಪೆನ್ನನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ನೆಲ ನೋಡುತ್ತಿದ್ದರು. ಹೊರಗೆ ಬರುವಾಗ ಬಾಗಿಲಿನ ಹಿಡಿ ಯಾವ ಕಡೆ ತಿರುಗಿಸಬೇಕೆಂದು ತೋಚದೆ ಎರಡು ಸಲ ತಪ್ಪಾಗಿ ತಿರುಗಿಸಿದಳು.

ಶೆಡ್ಡಿನಲ್ಲಿ ವ್ಯಾನಿನ ಡ್ರೈವರು ಅವಳ ಮೇಲೆ ಹರಿಹಾಯ್ದ. ಅವನು ಸಹಿ ಹಾಕಿ ಬಂದಿದ್ದ. ನಿನ್ನ ಹಟಕ್ಕೆ ನಮ್ಮ ಬಾಯಿಗೆ ಮಣ್ಣು ಹಾಕ್ತೀಯಾ ಎಂದ. ಎಂಟು ತಿಂಗಳು ನಿದ್ದೆಗೆಟ್ಟು ಓದಿದವನು ಅವನೂ ಹೌದು. ಇನ್ನೂ ಕೆಲವರು ಅವನ ಜೊತೆ ದನಿ ಸೇರಿಸಿದರು. ಗಾಜಕ್ಕ ಜಗಳಕ್ಕೆ ನಿಲ್ಲಲಿಲ್ಲ. ಹದಿನಾಲ್ಕು ಟ್ಯೂಬಿನ ಕಥೆ ಹೇಳಿದಳು. ಅದನ್ನು ಅವಳು ಮನೆಯ ಹೊರಗೆ ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸಿ, "ನಾಳೆ ನಿನ್ನ ಮಗು ರಕ್ತ ನನ್ನ ಮುಂದೆ ಬರುತ್ತೆ ಅಣ್ಣ. ನಾನು ನೋಡದೆ ಬರೀಲಾ?" ಎಂದು ಕೇಳಿದಳು.

ಡ್ರೈವರು ಬೈದುಕೊಂಡೇ ಹೊರಗೆ ಹೋದ. ಹೊಲಿಗೆಯಮ್ಮ ಮಾತ್ರ ಎದ್ದು ಸೀದಾ ಪ್ರಿನ್ಸಿಪಾಲರ ಕೋಣೆಗೆ ನಡೆದಳು. ಪುಸ್ತಕ ಕೊಡಿ, ಒಂದು ಕಡೆ ಸಹಿ ಬಿಟ್ಟಿದ್ದೇನೆ ಎಂದಳಂತೆ. ಕೊಟ್ಟರು. ಅಲ್ಲೇ ನಿಂತು ತನ್ನ ಇಪ್ಪತ್ತನಾಲ್ಕು ಸಹಿಗಳ ಮೇಲೂ ಗೀಟು ಎಳೆದು ಬಂದಳು. ಸಂಜೆಯೊಳಗೆ ಹತ್ತು ಜನ ಗಾಜಕ್ಕನ ಕಡೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಉಳಿದವರು ಆಚೆ ಕಡೆ. ನಡುವೆ ವಾಹನ ಹೋಗುವಷ್ಟು ಜಾಗ.

ಮಾರನೆಯ ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಹೋದರೆ ತೊಟ್ಟಿಯ ಮುಂದೆ ಬೇರೊಬ್ಬ ಹೆಂಗಸು ಕೂತಿದ್ದಳು. ಯಜಮಾನ ಎದ್ದು ಬರಲೂ ಇಲ್ಲ. ಇನ್ನು ಬರುವುದು ಬೇಡ ಎಂದು ಹೇಳಿಕಳಿಸಿದ. ಹೊಸಬಳ ಕೈಗವಸು ಆಗಲೇ ಹರಿದಿತ್ತು. ನೀರಿಗೆ ಔಷಧಿ ಎಷ್ಟು ಹಾಕಬೇಕೆಂದು ಗಾಜಕ್ಕ ಅವಳಿಗೆ ಹೇಳಿಕೊಟ್ಟಳು. ದಿನಾ ತೊಳೆದ ಟ್ಯೂಬು ಎಷ್ಟೆಂದು ಎಣಿಸು, ಎಣಿಸಿದ್ದನ್ನು ಮರೆಯಬೇಡ ಎಂದೂ ಹೇಳಿದಳು. ಹೊಸಬಳು ಇವಳಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು.

ತಪಾಸಣೆಯ ದಿನ ಶೆಡ್ಡಿನವರಿಗೆ ರಜೆ ಕೊಟ್ಟರು. ರಜೆ ಎಂದ ಕೂಡಲೇ ಗಾಜಕ್ಕನಿಗೆ ಅನುಮಾನ. ನಮ್ಮ ಕಾಲೇಜು ನೋಡಲು ಬರುವ ದಿನ ನಮಗೇ ಯಾಕೆ ರಜೆ? ತನ್ನ ಕಡೆಯ ಹತ್ತು ಜನಕ್ಕೂ ಹೇಳಿಕಳಿಸಿದಳು. ಹತ್ತೂವರೆಗೆ ಗೇಟಿನ ಮುಂದೆ ಸೇರಿದರು. ಕಾವಲುಗಾರ ಬಿಡಲಿಲ್ಲ. ಹೊಲಿಗೆಯಮ್ಮ ತನ್ನ ಚೀಲವನ್ನು ತಾನೇ ತೆಗೆದು ಅವನ ಮೇಜಿನ ಮೇಲೆ ಬೋರಲು ಸುರಿದಳು. ಹಿಂದಿನವರೂ ಒಬ್ಬೊಬ್ಬರಾಗಿ ಸುರಿದರು. ಡಬ್ಬಿ, ಪುಸ್ತಕ, ಸೂಜಿದಾರ, ಮಾತ್ರೆ, ಬಾಚಣಿಗೆ ಒಂದರ ಮೇಲೊಂದು ಉರುಳಿದವು. ಅವನು ಅವನ್ನು ಹಿಡಿಯಲು ಬಗ್ಗಿದಾಗ ಎಲ್ಲರೂ ಒಳಗೆ ನಡೆದರು.

ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು. ಒಳಗೆ ಬಿಳಿ ಕೋಟು ಹಾಕಿದ ಮೂವತ್ತನಾಲ್ಕು ಮಕ್ಕಳು, ಎಲ್ಲರೂ ಹಗಲು ಕಾಲೇಜಿನವರು. ಎದೆಗೆ ಅಂಕಿ ಚುಚ್ಚಿಕೊಂಡಿದ್ದರು. ತಪಾಸಣೆಯ ಮೂವರು, ಇಬ್ಬರು ಗಂಡಸರು ಒಬ್ಬ ಹೆಂಗಸು, ಮೇಜಿನಿಂದ ಮೇಜಿಗೆ ಹೋಗುತ್ತಿದ್ದರು. ಯಜಮಾನ ಹೊಸ ಅಂಗಿ ತೊಟ್ಟು ಮೇಡಂ ಪಕ್ಕದಲ್ಲಿದ್ದ. ಇಪ್ಪತ್ತೇಳು ಅಂಕಿಯ ಹುಡುಗಿ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, ತಾನು ಮೊದಲು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಈ ಕಾಲೇಜು ತನ್ನ ಬದುಕು ಬದಲಿಸಿತು ಎಂದು ಒಪ್ಪಿಸುತ್ತಿದ್ದಳು.

"ಆ ನಂಬರು ನಂದು," ಎಂದಳು ಗಾಜಕ್ಕ ಬಾಗಿಲಿನಿಂದ.

ಎಲ್ಲರೂ ತಿರುಗಿದರು. ಹುಡುಗಿಯ ಕೈ ಎದೆಯ ಅಂಕಿಯ ಮೇಲೆ ಹೋಯಿತು. ಮೇಡಂ ಒಡನೆ, ಇವರು ನಮ್ಮ ತೊಳೆಯುವ ಹೆಂಗಸು, ಕೆಲಸದಿಂದ ತೆಗೆದ ಸಿಟ್ಟಿದೆ ಎಂದರು. ತಪಾಸಣೆಯವರಲ್ಲಿ ಹಿರಿಯ ಗಂಡಸು ಗಾಜಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳ ಒದ್ದೆಯಲ್ಲಿ ಬಿರುಕುಬಿಟ್ಟ ಕೈ, ಮಾಸಿದ ಸೀರೆ. ಅವನ ಕಣ್ಣಿನಲ್ಲಿ ಮೇಡಂ ಮಾತೇ ನಿಜವಾಗುತ್ತಿರುವುದು ಅವಳಿಗೆ ಕಂಡಿತು.

"ತೊಳೆದಿದ್ದು ನಿಜ," ಎಂದಳು. "ತೊಳೆದಿದ್ದಕ್ಕೇ ಗೊತ್ತು. ಆ ಸಿಂಕಿಗೆ ಸ್ವಲ್ಪ ನೀರು ಹಾಕಿ ನೋಡಿ."

ಗಂಡಸರಿಬ್ಬರೂ ಕದಲಲಿಲ್ಲ. ಹೆಂಗಸು ಮೇಜಿನ ಮೇಲಿದ್ದ ಕುಡಿಯುವ ನೀರಿನ ಜಗ್ಗು ಎತ್ತಿಕೊಂಡು ಸಿಂಕಿಗೆ ಪೂರ್ತಿ ಸುರಿದಳು. ನೀರು ಅವಳ ಬೂಟಿನ ಮೇಲೆ ಬಿತ್ತು. ಯಾರೂ ನಗಲಿಲ್ಲ. ಅವಳು ಬಗ್ಗಿ ಸಿಂಕಿನ ಕೆಳಗೆ ನೋಡಿ, ಎದ್ದು, ಏನಿದ್ದರೂ ಬರೆದುಕೊಡಿ ಎಂದು ಕೈ ಚಾಚಿದಳು. ಬರೆದದ್ದು ಸಿದ್ಧವಿತ್ತು. ಶೌಚಾಲಯ, ನೀರು, ಗೇಟು, ಬೀಗ, ಐದು ಸಲ ಬರಬೇಕಾಗಿದ್ದ ವಿದ್ಯುತ್ತಿನವನು, ಎಲ್ಲವೂ ತಾರೀಖಿನ ಸಮೇತ. ಕೆಳಗೆ ಹನ್ನೆರಡು ಸಹಿ. ಹನ್ನೆರಡನೆಯದು ಆ ದಿನ ಬೆಳಿಗ್ಗೆ ವ್ಯಾನು ನಿಲ್ಲಿಸಿ ಇಳಿದು ಬಂದ ಡ್ರೈವರನದು.

ಇಷ್ಟಾದರೂ ಗಾಜಕ್ಕ ನಂಬಲಿಲ್ಲ. ಮಧ್ಯಾಹ್ನ ತಪಾಸಣೆಯ ಗಂಡಸರಿಬ್ಬರೂ ಯಜಮಾನನ ಕಾರಿನಲ್ಲಿ ಊಟಕ್ಕೆ ಹೋದದ್ದನ್ನು ಅವಳು ಗೇಟಿನಲ್ಲಿ ನಿಂತು ನೋಡಿದಳು. ಕಾಗದ ಕಸದ ಬುಟ್ಟಿಗೆ ಹೋಯಿತು ಎಂದುಕೊಂಡಳು. ಒಂದು ಹಾಸ್ಟೆಲ್ಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಕೈಗೆ ಅದೇನೂ ಹೊಸದಾಗಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಹನ್ನೆರಡು ಜನವೂ ಹೋಗಿ ಪ್ರಯೋಗಶಾಲೆಯ ಬಾಗಿಲಿಗೆ ಅಡ್ಡಲಾಗಿ ಕೂರುತ್ತಿದ್ದರು. ಬೈಗುಳ ಕೇಳಿದರು. ಹೆಸರು ಹೊಡೆದುಹಾಕುತ್ತೇವೆ ಎಂಬ ನೋಟೀಸು ಬಂತು, ಅದನ್ನು ಕೂರುವುದಕ್ಕೆ ಹಾಸಿಕೊಂಡರು. ಹಗಲು ಕಾಲೇಜಿನವರು ಅವರನ್ನು ದಾಟಿಕೊಂಡೇ ತರಗತಿಗೆ ಹೋಗಬೇಕಾಗಿ ಬಂತು. ಇಪ್ಪತ್ತೇಳು ಚುಚ್ಚಿಕೊಂಡಿದ್ದ ಹುಡುಗಿ ಒಂದು ದಿನ ನೀರಿನ ಬಾಟಲಿ ತಂದಿಟ್ಟು, ಯಾರನ್ನೂ ನೋಡದೆ ಹೋದಳು.

ನಾಲ್ಕನೆಯ ವಾರ ಮೇಲಿನಿಂದ ಆದೇಶ ಬಂತು. ಸಿಂಕಿಗೆ ಪೈಪು ಹಾಕಬೇಕು. ಶೆಡ್ಡಿನವರಿಗೆ ವಾರಕ್ಕೆರಡು ದಿನ ಪ್ರಯೋಗಶಾಲೆ ತೆರೆಯಬೇಕು. ಹಳೆಯ ದಾಖಲೆ ರದ್ದು. ಸುಳ್ಳು ದಾಖಲೆ ಬರೆದವರ ಮೇಲೆ ಕ್ರಮವಾಗಬೇಕು. ಕ್ರಮವೆಂದರೆ ಮೇಷ್ಟ್ರನ್ನು ತೆಗೆದರು. ಅಕ್ಷರ ಅವರದೇ ಆಗಿತ್ತಲ್ಲ. ಮೇಡಂ ತಮ್ಮ ಕೋಣೆಯಲ್ಲೇ ಉಳಿದರು. ಯಜಮಾನನ ಫೋಟೋ ಹೊಸ ಪುಸ್ತಿಕೆಯಲ್ಲೂ ಬಂತು.

ಹೋಗುವ ದಿನ ಮೇಷ್ಟ್ರು ಗಾಜಕ್ಕನನ್ನು ಹುಡುಕಿಕೊಂಡು ಬಂದರು. ಬರೆಯದಿದ್ದರೆ ಮುಂದಿನ ವರ್ಷ ಕರೆಯುತ್ತಿರಲಿಲ್ಲ ಎಂದರು. ಹೌದು, ಬರೆದಿದ್ದಕ್ಕೂ ಕರೆಯಲ್ಲ ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಸಂಕಟವಾಯಿತು. ಹೃದಯದ ಪಾಠ ಚೆನ್ನಾಗಿತ್ತು ಮೇಷ್ಟ್ರೇ ಎಂದಳು. ಅವರು ತಲೆಯಾಡಿಸಿ ಹೋದರು. ಅವರನ್ನು ಕ್ಷಮಿಸಿದಳೋ ಇಲ್ಲವೋ ಅವಳಿಗೂ ಸರಿಯಾಗಿ ತಿಳಿಯಲಿಲ್ಲ.

ಮಂಗಳವಾರ ಪ್ರಯೋಗಶಾಲೆ ತೆರೆಯಿತು. ಹೊಸ ಟೀಚರು ಅವಸರದ ಹೆಂಗಸು, ಐದಕ್ಕೆ ಬಸ್ಸು ಹಿಡಿಯಬೇಕಿತ್ತು. ಗಾಜಕ್ಕ ತನ್ನ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಚರ್ಮ ಗಟ್ಟಿಯಾಗಿತ್ತು, ಮೂರನೆಯ ಸಲಕ್ಕೆ ರಕ್ತ ಬಂತು. ಗಾಜಿನ ಮೇಲೆ ಎಳೆದಳು, ಒಣಗಿಸಿದಳು, ಬಣ್ಣ ಹಾಕಿದಳು, ತೊಳೆದಳು. ಸೂಕ್ಷ್ಮದರ್ಶಕದ ಕೆಳಗಿಟ್ಟು ಉಸಿರು ಬಿಗಿಹಿಡಿದು ಕಣ್ಣಿಟ್ಟಳು. ಕತ್ತಲು. ತಿರುಗಣೆ ತಿರುಗಿಸಿದಳು. ಬೆಳಕಿನ ಒಂದು ಬಿಲ್ಲೆ ಬಂತು. ಅದರ ಮೇಲೆ ಹುಲ್ಲಿನಂತೆ ಕಪ್ಪು ಗೆರೆಗಳು ಆಡಿದವು. ಅದು ಅವಳದೇ ಕಣ್ಣಿನ ರೆಪ್ಪೆ. ಅರ್ಧ ಗಂಟೆ ನೋಡಿದಳು. ರೆಪ್ಪೆಯೇ ಕಾಣುತ್ತಿತ್ತು.

ಟೀಚರು ಗಡಿಯಾರ ನೋಡುತ್ತಾ ಬಂದರು.

"ಮೊದಲ ಸಲ ಯಾರಿಗೂ ಕಾಣಲ್ಲ. ಕಂಡಿತು ಅಂತ ಬರೀರಿ, ಮುಂದಿನ ಸಲ ಕಾಣುತ್ತೆ."

ಗಾಜಕ್ಕ ಹೊಸ ದಾಖಲೆ ಪುಸ್ತಕ ಬಿಡಿ‌ಸಿದಳು. ಅವಳ ಅಕ್ಷರ ದೊಡ್ಡದು, ಸೊಟ್ಟ. ನಿಧಾನವಾಗಿ ಬರೆದಳು. ನನ್ನ ಬೆರಳಿನಿಂದ ರಕ್ತ ತೆಗೆದೆನು. ನೋಡಿದೆನು. ಏನೂ ಕಾಣಲಿಲ್ಲ.

ಕೆಳಗೆ ಸಹಿ ಹಾಕಿದಳು.

ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಮತ್ತೆ ಕಣ್ಣಿಟ್ಟಳು. ಐದಾಯಿತು. ಬೀಗದಣ್ಣ ಬಾಗಿಲಲ್ಲಿ ನಿಂತು ಬೀಗದ ಕೈಗಳ ಗೊಂಚಲು ಆಡಿಸಿದ. ಅವಳು ಏಳಲಿಲ್ಲ.